ಕಷ್ಟಕಾಲದಲ್ಲಿ ಕೆಲಸಗಾರರಿಗೆ ‘ಧೈರ್ಯ’ ಹೇಳಿದರೆ ಸಾಕೇ? ಮಾಲೀಕರು, ಮ್ಯಾನೇಜರ್‌ಗಳು ನಿಜವಾಗಿ ಮಾಡಬೇಕಾದ್ದೇನು?

ಯುದ್ಧ, ಸಾಂಕ್ರಾಮಿಕ, ಆರ್ಥಿಕ ಕುಸಿತ, ಹೀಗೆ ಜಗತ್ತಿನಲ್ಲಿ ಏನೇ ನಡೆದರೂ ಮರುದಿನವೇ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. “ಸಿಬ್ಬಂದಿಯನ್ನು ಕೆಲಸದಲ್ಲಿ ಮುಳುಗಿಸಿ, ಚಿಂತೆ ತಾನೇ ಓಡಿಹೋಗುತ್ತದೆ.” “ಕೆಟ್ಟ ಸುದ್ದಿ ಹೇಳಬೇಡಿ, ಮನೋಬಲ ಕುಗ್ಗುತ್ತದೆ.” “ದಿನಾ ಹತ್ತು ನಿಮಿಷ ಪ್ರಾಣಾಯಾಮ ಮಾಡಿಸಿ, ಒತ್ತಡ ಮಾಯ.” ಓದಲು ಹಿತವಾಗಿರುತ್ತವೆ, ಶೇರ್ ಮಾಡುವುದೂ ಸುಲಭ. ಆದರೆ ಇವುಗಳಲ್ಲಿ ಎಷ್ಟು ನಿಜ? ಈ ಲೇಖನದಲ್ಲಿ ಒಂದೊಂದನ್ನೇ ನೋಡೋಣ.

ಇದು ಬೆಂಗಳೂರಿನ ಐಟಿ ಕಂಪನಿಗಳ ವಿಷಯ ಮಾತ್ರವೇ?

ಖಂಡಿತ ಅಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯನ್ನೇ ತೆಗೆದುಕೊಳ್ಳಿ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇರುವ ಈ ಭಾಗದಲ್ಲಿ ಒಂದು ಸುತ್ತು ಹಾಕಿದರೆ ಕ್ಲಿನಿಕ್, ಲ್ಯಾಬ್, ಮೆಡಿಕಲ್ ಶಾಪ್, ಹೋಟೆಲ್, ಬಟ್ಟೆ ಅಂಗಡಿ, ಟ್ಯೂಷನ್ ಸೆಂಟರ್ ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಬಹುತೇಕ ಕಡೆ ‘ಎಚ್.ಆರ್.’ ಎಂಬ ವಿಭಾಗವೇ ಇರುವುದಿಲ್ಲ. ಐದಾರು ಜನ ದುಡಿಯುವ ಜಾಗದಲ್ಲಿ ಮಾಲೀಕರೇ ಮ್ಯಾನೇಜರ್, ಅವರೇ ಸಂಬಳ ಕೊಡುವವರು, ರಜೆ ಕೇಳಬೇಕಾದ್ದೂ ಅವರನ್ನೇ. ಹಾಗಾಗಿ ಅವರ ಒಂದು ಮಾತು ಕೆಲಸಗಾರರ ಇಡೀ ದಿನವನ್ನು ಹಗುರ ಮಾಡಬಹುದು, ಭಾರವನ್ನೂ ಮಾಡಬಹುದು.

ದೂರದ ಬಿಕ್ಕಟ್ಟು ನಮ್ಮೂರಿಗೆ ಹೇಗೆ ಬರುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಗಳಿವೆ. 2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಅವರ ಊರು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ, ಹರಿಹರದಿಂದ ಹೆಚ್ಚು ದೂರವಿಲ್ಲ. ಮೂರು ವಾರಗಳ ಬಳಿಕ ಪಾರ್ಥಿವ ಶರೀರ ಊರಿಗೆ ಬಂದಾಗ, ಕುಟುಂಬದವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅಂಥ ದಿನಗಳಲ್ಲಿ, ವಿದೇಶದಲ್ಲಿ ಓದುವ ಮಗನೋ ತಮ್ಮನೋ ಇರುವ ನೌಕರರೊಬ್ಬರು ಕೌಂಟರ್‌ನಲ್ಲಿ ಕೂತು ಲೆಕ್ಕ ತಪ್ಪಿದರೆ ಅದನ್ನು ಬರೀ ‘ಗಮನ ಇಲ್ಲ’ ಎಂದು ಕರೆಯಬಹುದೇ?

ಕೋವಿಡ್ ಅಂತೂ ಎಲ್ಲರಿಗೂ ನೆನಪಿದೆ. 2020ರ ಏಪ್ರಿಲ್‌ನಲ್ಲಿ ದಾವಣಗೆರೆ ಹಸಿರು ವಲಯ ಎಂದು ನೆಮ್ಮದಿಯಿಂದ ಇದ್ದಾಗಲೇ, ತಿಂಗಳ ಕೊನೆಗೆ ಬಾಷಾ ನಗರ, ಜಾಲಿ ನಗರಗಳಲ್ಲಿ ಸೋಂಕು ಕಾಣಿಸಿಕೊಂಡು ಬೀದಿಗಳು ಸೀಲ್‌ಡೌನ್ ಆದವು. ಸಾಂಕ್ರಾಮಿಕದ ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಸುಮಾರು ಶೇ 25ರಷ್ಟು ಹೆಚ್ಚಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು.

ಸಂದೇಶ 1: “ಕೆಲಸದಲ್ಲಿ ಮುಳುಗಿಸಿ, ಚಿಂತೆ ಓಡಿಹೋಗುತ್ತದೆ”

ಅರ್ಧ ನಿಜ. ನಿತ್ಯದ ಕೆಲಸ, ಜೊತೆಗಾರರ ಒಡನಾಟ, ತಿಂಗಳ ಸಂಬಳ ಇವೆಲ್ಲ ಮನಸ್ಸಿಗೆ ಆಸರೆ. ದಿನಚರಿ ಇದ್ದರೆ ದುಃಖದಲ್ಲೂ ಕಾಲೂರಲು ಒಂದು ನೆಲ ಸಿಗುತ್ತದೆ. ಆದರೆ ‘ಕೆಲಸ ಇರುವುದು’ ಬೇರೆ, ‘ಕೆಲಸದಲ್ಲಿ ಮುಳುಗಿಸುವುದು’ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ಬಿಕ್ಕಟ್ಟು ಬಂದಾಗ ದುಡಿಮೆಯ ಗಂಟೆ ಹೆಚ್ಚಿಸುವ ಆಲೋಚನೆ ಸರ್ಕಾರಕ್ಕೂ ಬಂದಿತ್ತು. 2020ರ ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟಿತು. ಕಾರ್ಮಿಕ ಸಂಘಟನೆಗಳ ವಿರೋಧ ಬಂತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಜೂನ್‌ನಲ್ಲಿ ಸರ್ಕಾರ ಆದೇಶವನ್ನು ಹಿಂಪಡೆಯಿತು.

ಗುರಿ ಮುಟ್ಟಲೇಬೇಕು ಎಂಬ ಒತ್ತಡ ಎಷ್ಟು ಭಾರವಾಗಬಹುದು ಎಂಬ ಪ್ರಶ್ನೆಯನ್ನು ಇಡೀ ರಾಜ್ಯದ ಮುಂದೆ ಇಟ್ಟದ್ದು 2020ರ ಆಗಸ್ಟ್‌ನ ಒಂದು ಘಟನೆ. ಕೋವಿಡ್ ಕರ್ತವ್ಯದಲ್ಲಿದ್ದ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ಕೆಲಸದ ಒತ್ತಡ, ಮೇಲಿನವರ ಕಿರುಕುಳ ಕಾರಣ ಎಂಬ ಆರೋಪ ಬಂತು. ವೈದ್ಯರು ಪ್ರತಿಭಟಿಸಿದರು, ಸರ್ಕಾರ ತನಿಖೆಗೆ ಆದೇಶಿಸಿತು. ಯಾವ ಆತ್ಮಹತ್ಯೆಗೂ ಒಂದೇ ಒಂದು ಕಾರಣ ಎಂದು ಹೇಳುವುದು ಸರಿಯಲ್ಲ. ಆದರೆ “ಇಷ್ಟು ಕೆಲಸ ಒಬ್ಬರ ಕೈಲಿ ಆಗುತ್ತದೆಯೇ?” ಎಂದು ಮೇಲಿನವರು ಮೊದಲೇ ಕೇಳಿಕೊಳ್ಳಬೇಕು ಎಂಬ ಪಾಠ ಅದರಲ್ಲಿದೆ.

ಮಾಡಬೇಕಾದ್ದು: ಬಿಕ್ಕಟ್ಟಿನ ದಿನಗಳಲ್ಲಿ ಕೆಲಸದ ಪಟ್ಟಿಯನ್ನು ಎರಡು ಭಾಗ ಮಾಡಿ. ಇಂದೇ ಆಗಬೇಕಾದ್ದು ಒಂದು, ಮುಂದಿನ ತಿಂಗಳಿಗೆ ಹೋದರೂ ನಡೆಯುವಂಥದ್ದು ಇನ್ನೊಂದು. ಎರಡನೆಯದನ್ನು ಧೈರ್ಯವಾಗಿ ಮುಂದೂಡಿ. ವಾರದ ರಜೆಯನ್ನು ಕಿತ್ತುಕೊಳ್ಳಬೇಡಿ. ರಾತ್ರಿ 10ರ ಮೇಲೆ ಗುಂಪಿನಲ್ಲಿ ಮೆಸೇಜ್ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಸಂದೇಶ 2: “ಕೆಟ್ಟ ಸುದ್ದಿ ಮುಚ್ಚಿಡಿ, ಮನೋಬಲ ಉಳಿಯುತ್ತದೆ”

ತಪ್ಪು. ಮನಸ್ಸನ್ನು ಹೆಚ್ಚು ಸುಡುವುದು ಅನೇಕ ಸಲ ಕೆಟ್ಟ ಸುದ್ದಿಯಲ್ಲ, ‘ಏನಾಗುತ್ತದೋ’ ಎಂಬ ಅನಿಶ್ಚಿತತೆ.

ಇದಕ್ಕೊಂದು ಸ್ವಾರಸ್ಯಕರ ಪ್ರಯೋಗವಿದೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಷ್ಟು ಸಣ್ಣ ವಿದ್ಯುತ್ ಶಾಕ್. ಬೆವರು, ಕಣ್ಣಿನ ಪಾಪೆಯ ಗಾತ್ರ ಇತ್ಯಾದಿಗಳಿಂದ ಒತ್ತಡ ಅಳೆದಾಗ ಕಂಡದ್ದೇನು? ಶಾಕ್ ಖಂಡಿತ ಬೀಳುತ್ತದೆ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬೀಳಲೂಬಹುದು ಬೀಳದೆಯೂ ಇರಬಹುದು ಎಂಬ 50–50 ಸ್ಥಿತಿಯಲ್ಲೇ ಒತ್ತಡ ಹೆಚ್ಚು ಇತ್ತು!

ಹರಿಹರದವರಿಗೆ ಇದನ್ನು ಪ್ರಯೋಗಾಲಯದಿಂದ ಹೇಳಬೇಕಿಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕಣ್ಣೆದುರೇ ಮುಚ್ಚಿದ್ದನ್ನು ಕಂಡ ಊರು ಅದು. ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯೂ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತದ್ದನ್ನು ನೋಡಿದೆ. “ಈ ತಿಂಗಳು ಸಂಬಳ ಆಗುತ್ತಾ?” ಎಂದು ತಿಂಗಳುಗಟ್ಟಲೆ ಕಾಯುವುದು ಹೇಗಿರುತ್ತದೆ ಎಂಬುದು ಇಲ್ಲಿನ ಎಷ್ಟೋ ಮನೆಗಳಿಗೆ ಗೊತ್ತು.

ಮಾಡಬೇಕಾದ್ದು: ಗೊತ್ತಿರುವುದನ್ನು ಗೊತ್ತಿದೆ ಎನ್ನಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಮುಂದೆ ಯಾವಾಗ ಹೇಳುತ್ತೀರಿ ಎಂಬುದನ್ನೂ ತಿಳಿಸಿ. “ಈ ತಿಂಗಳ ಸಂಬಳ ಪೂರ್ತಿ ಕೊಡ್ತೀನಿ. ಮುಂದಿನ ತಿಂಗಳದ್ದು ಈಗಲೇ ಹೇಳಕ್ಕಾಗಲ್ಲ. 20ನೇ ತಾರೀಖು ಸೋಮವಾರ ಎಲ್ಲರೂ ಕೂತು ಮಾತಾಡೋಣ.” ಈ ಮೂರು ವಾಕ್ಯ, ಮೂವತ್ತು ‘ಗುಡ್ ಮಾರ್ನಿಂಗ್’ ಸುಭಾಷಿತಗಳಿಗಿಂತ ಹೆಚ್ಚು ನೆಮ್ಮದಿ ಕೊಡುತ್ತವೆ. ಕೊಟ್ಟ ದಿನಾಂಕವನ್ನು ಮಾತ್ರ ತಪ್ಪಿಸಬೇಡಿ.

ಸಂದೇಶ 3: “ಯೋಗ, ಪ್ರಾಣಾಯಾಮ ಮಾಡಿಸಿದರೆ ಸಾಕು”

ಯೋಗ, ವ್ಯಾಯಾಮ, ಉಸಿರಾಟದ ಅಭ್ಯಾಸಗಳಿಂದ ಅನೇಕರಿಗೆ ನೆಮ್ಮದಿ ಸಿಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ‘ಸಾಕು’ ಎಂಬ ಪದದಲ್ಲಿ.

ಬ್ರಿಟನ್‌ನಲ್ಲಿ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕಚೇರಿಯವರು ಏರ್ಪಡಿಸಿದ ಮೈಂಡ್‌ಫುಲ್‌ನೆಸ್ ತರಗತಿ, ಒತ್ತಡ ನಿರ್ವಹಣೆಯ ತರಬೇತಿ, ನೆಮ್ಮದಿಯ ಆ್ಯಪ್‌ಗಳಲ್ಲಿ ಪಾಲ್ಗೊಂಡವರ ಸ್ಥಿತಿ, ಪಾಲ್ಗೊಳ್ಳದವರಿಗಿಂತ ಉತ್ತಮವಾಗಿರಲಿಲ್ಲ ಎಂದು ಅದು ಹೇಳಿತು. ಇದರ ಅರ್ಥ ಸರಳ. ಕೆಲಸದ ಹೊರೆ, ಸಂಬಳ, ಪಾಳಿ, ಬೈಗುಳ ಇವೆಲ್ಲ ಹಾಗೇ ಇದ್ದು ಮೇಲೊಂದು ತರಗತಿ ಸೇರಿಸಿದರೆ ಪ್ರಯೋಜನ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಹೊರತಂದ ಉದ್ಯೋಗಸ್ಥಳದ ಮಾನಸಿಕ ಆರೋಗ್ಯ ಮಾರ್ಗಸೂಚಿಯೂ ಕೆಲಸದ ಸ್ಥಿತಿಗತಿಯನ್ನೇ ಸರಿಪಡಿಸಲು ಒತ್ತು ಕೊಡುತ್ತದೆ. ‘ಬರ್ನ್‌ಔಟ್’ ಎನ್ನುವ ತೀವ್ರ ಬಳಲಿಕೆಯನ್ನು ಇದೇ ಸಂಸ್ಥೆ ಕಾಯಿಲೆ ಎನ್ನದೆ, ‘ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲ’ ಎಂದು ವಿವರಿಸುತ್ತದೆ. ಅಂದರೆ ದೋಷವನ್ನು ಕೆಲಸಗಾರರ ಮನಸ್ಸಿನಲ್ಲಷ್ಟೇ ಹುಡುಕಬಾರದು.

2020ರ ಜುಲೈನಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದಾಗ ಕೇಳಿದ್ದೇನು? ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಮತ್ತು ಸೋಂಕಿನಿಂದ ರಕ್ಷಣೆಯ ಸಾಮಗ್ರಿ. ಮನೆಮನೆಗೆ ಹೋಗಿ ಸಮೀಕ್ಷೆ ಮಾಡುತ್ತಿದ್ದವರಿಗೆ ಆ ಹೊತ್ತಿಗೆ ಚಪ್ಪಾಳೆಗಿಂತ ಮಾಸ್ಕ್ ಮುಖ್ಯವಾಗಿತ್ತು. ಮನಸ್ಸಿನ ನೆಮ್ಮದಿಗೂ ಇಂಥ ಸಂಗತಿಗಳಿಗೂ ನೇರ ನಂಟಿದೆ.

ಸಂದೇಶ 4: “ಎಲ್ಲರನ್ನೂ ಕೂಡಿಸಿ, ನಡೆದದ್ದನ್ನೆಲ್ಲ ಹೇಳಿಸಿ, ಅತ್ತು ಹಗುರಾಗಲಿ”

ಉದ್ದೇಶ ಒಳ್ಳೆಯದು. ಆದರೆ ಆಘಾತವಾದ ಕೂಡಲೇ ಒಬ್ಬರನ್ನು ಕೂರಿಸಿ ನಡೆದದ್ದನ್ನೆಲ್ಲ ಮತ್ತೆ ಹೇಳಿಸುವ ‘ಡಿಬ್ರೀಫಿಂಗ್’ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಕೆಲವರಿಗೆ ಮಾತಾಡಿದರೆ ಹಗುರ, ಕೆಲವರಿಗೆ ಸುಮ್ಮನಿದ್ದರೆ ಹಗುರ. ಒತ್ತಾಯ ಬೇಡ.

ಇದರ ಬದಲು ಅದು ಹೇಳುವುದು ‘ಮಾನಸಿಕ ಪ್ರಥಮ ಚಿಕಿತ್ಸೆ’. ಗಾಯಕ್ಕೆ ಬಟ್ಟೆ ಕಟ್ಟಿ ಆಸ್ಪತ್ರೆಗೆ ಕಳಿಸಿದ ಹಾಗೆಯೇ ಇದೂ. ಇದಕ್ಕೆ ಡಾಕ್ಟರ್ ಆಗಿರಬೇಕಿಲ್ಲ. ಮೂರೇ ಹೆಜ್ಜೆ: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ.

ನೋಡಿ: ಒಬ್ಬರ ನಡವಳಿಕೆ ಬದಲಾಗಿದೆಯೇ? ಸಮಯಕ್ಕೆ ಬರುತ್ತಿದ್ದವರು ತಡವಾಗಿ ಬರುತ್ತಿದ್ದಾರೆಯೇ, ಲೆಕ್ಕ ಪದೇ ಪದೇ ತಪ್ಪುತ್ತಿದೆಯೇ, ಊಟ ಬಿಡುತ್ತಿದ್ದಾರೆಯೇ, ಸಣ್ಣ ಮಾತಿಗೂ ಸಿಟ್ಟು ಬರುತ್ತಿದೆಯೇ, ಕುಡಿತ ಹೆಚ್ಚಿದೆಯೇ? ಒಂದು ದಿನದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ಎರಡು ವಾರ ಹೀಗೇ ಇದ್ದರೆ ಮಾತಾಡಿಸಿ.

ಕೇಳಿಸಿಕೊಳ್ಳಿ: ಎಲ್ಲರೆದುರು ಬೇಡ, ಪಕ್ಕಕ್ಕೆ ಕರೆಯಿರಿ. ಬಟ್ಟೆ ಅಂಗಡಿಯೊಂದರಲ್ಲಿ ಈ ಮಾತು ಹೀಗೆ ನಡೆಯಬಹುದು ಎಂದಿಟ್ಟುಕೊಳ್ಳಿ:

“ಮಂಜಣ್ಣ, ಬಾ, ಇಲ್ಲಿ ಕೂತ್ಕೋ. ಎರಡು ವಾರದಿಂದ ನೋಡ್ತಿದ್ದೀನಿ, ಊಟಕ್ಕೂ ಏಳ್ತಿಲ್ಲ. ಬೈಯೋಕೆ ಕರ್ದಿಲ್ಲಪ್ಪ. ಹೇಗಿದ್ದೀಯ?”

“ಏನಿಲ್ಲ ಸಾವ್ಕಾರ್ರೆ, ಚೆನ್ನಾಗೇ ಇದ್ದೀನಿ.”

“ಸರಿ. ಹೇಳ್ಬೇಕು ಅನ್ಸಿದಾಗ ಹೇಳು. ಅಂಗಡಿ ಮುಚ್ಚೋ ತನಕ ನಾನು ಇಲ್ಲೇ ಇರ್ತೀನಿ.”

ಮೊದಲ ಸಲ ಬಹುತೇಕ ಎಲ್ಲರೂ ‘ಏನಿಲ್ಲ’ ಎಂದೇ ಹೇಳುತ್ತಾರೆ. ಕೆಲಸ ಹೋಗಿಬಿಟ್ಟರೆ ಎಂಬ ಭಯ ಅದರ ಹಿಂದಿರುತ್ತದೆ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಹೇಳಲು ಶುರು ಮಾಡಿದಾಗ ನಡುವೆ ಬಾಯಿ ಹಾಕಬೇಡಿ. “ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ?”, “ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?” ಎಂಬ ಮಾತುಗಳು ಧೈರ್ಯ ತುಂಬುವುದಿಲ್ಲ, ಬಾಯಿ ಮುಚ್ಚಿಸುತ್ತವೆ.

ಜೋಡಿಸಿ: ಅವರಿಗೆ ಬೇಕಾದ ನೆರವಿನ ಜೊತೆ ಸಂಪರ್ಕ ಮಾಡಿಸಿ. ಅದು ಮುಂಗಡ ಹಣವಿರಬಹುದು, ಆಸ್ಪತ್ರೆಯಲ್ಲಿರುವ ತಾಯಿಯನ್ನು ನೋಡಿಕೊಳ್ಳಲು ನಾಲ್ಕು ದಿನ ರಜೆಯಿರಬಹುದು, ಪಾಳಿ ಬದಲಾವಣೆ ಇರಬಹುದು, ಇಲ್ಲವೇ ಮನೋವೈದ್ಯರ ಭೇಟಿ ಇರಬಹುದು.

“ನಾವೇನು ಡಾಕ್ಟರಾ? ನಮ್ಮಿಂದ ಏನಾಗುತ್ತದೆ?”

ಈ ಅನುಮಾನಕ್ಕೆ ಉತ್ತರ ಒಂದು ಕಾಲಕ್ಕೆ ನಮ್ಮ ನೆರೆಯದಾಗಿದ್ದ ಜಿಲ್ಲೆಯಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕಾರ್ಯಕ್ರಮ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮನೋರೋಗಗಳನ್ನು ಗುರುತಿಸಿ ನೆರವಾಗಬಲ್ಲರು ಎಂದು ಅದು ತೋರಿಸಿತು. ಇವತ್ತಿನ ಹರಪನಹಳ್ಳಿ ತಾಲ್ಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಬುನಾದಿ.

ಮ್ಯಾನೇಜರ್‌ಗಳ ಬಗ್ಗೆಯೂ ನೇರ ಪುರಾವೆ ಇದೆ. ಆಸ್ಟ್ರೇಲಿಯಾದ ಅಗ್ನಿಶಾಮಕ ಸೇವೆಯ 128 ಮ್ಯಾನೇಜರ್‌ಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ, ಕಷ್ಟದಲ್ಲಿರುವ ನೌಕರರನ್ನು ಹೇಗೆ ಮಾತಾಡಿಸಬೇಕು ಎಂಬ ಬಗ್ಗೆ 4 ಗಂಟೆಗಳ ತರಬೇತಿ ಕೊಡಲಾಯಿತು. ಆರು ತಿಂಗಳ ನಂತರ ನೋಡಿದರೆ, ಅವರ ಕೈಕೆಳಗಿನವರು ಕೆಲಸದ ಕಾರಣದಿಂದ ಅನಾರೋಗ್ಯವಾಗಿ ರಜೆ ಹಾಕುವುದು ಕಡಿಮೆಯಾಗಿತ್ತು. ತರಬೇತಿಗೆ ಖರ್ಚಾದ ಪ್ರತಿ ಒಂದು ಪೌಂಡಿಗೆ ಸುಮಾರು 10 ಪೌಂಡ್ ಉಳಿತಾಯವಾಗಿತ್ತು. ಕೇವಲ ನಾಲ್ಕು ಗಂಟೆ!

ಸಂದೇಶ 5: “ಆತ್ಮಹತ್ಯೆ ಬಗ್ಗೆ ಕೇಳಿದರೆ, ಇಲ್ಲದ ಯೋಚನೆ ತಲೆಗೆ ಬರುತ್ತದೆ”

ಇದು ಅತ್ಯಂತ ಅಪಾಯದ ತಪ್ಪು ಕಲ್ಪನೆ. ನೇರವಾಗಿ, ಕಾಳಜಿಯಿಂದ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಬದಲಿಗೆ, ಒಳಗೇ ಬೇಯುತ್ತಿದ್ದವರಿಗೆ ಬಾಯಿ ಬಿಡಲು ದಾರಿಯಾಗುತ್ತದೆ.

“ಬದುಕೋದೇ ಬೇಡ ಅನ್ನಿಸ್ತಿದೆಯಾ?” ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ ಬುದ್ಧಿವಾದ ಬೇಡ, ಆಣೆ ಹಾಕಿಸಿಕೊಳ್ಳುವುದೂ ಬೇಡ. ಒಂಟಿಯಾಗಿ ಬಿಡಬೇಡಿ. ಅವರು ನಂಬುವ ಮನೆಯವರನ್ನು ಕರೆಸಿ, ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಗುಟ್ಟು ಗುಟ್ಟಾಗಿರಲಿ

ಕೆಲಸಗಾರರು ಬಾಯಿ ಬಿಡದಿರಲು ದೊಡ್ಡ ಕಾರಣ, ವಿಷಯ ಊರೆಲ್ಲ ಹರಡುತ್ತದೆ ಎಂಬ ಅಂಜಿಕೆ. ನಮ್ಮಂಥ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮದುವೆ ಸಂಬಂಧದ ಮಾತುಕತೆವರೆಗೂ ಸುದ್ದಿ ಹೋಗುತ್ತದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಹೆಚ್ಚಿನ ಸಮಸ್ಯೆಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂದರೆ ಹತ್ತು ಜನ ದುಡಿಯುವ ಜಾಗದಲ್ಲಿ ಒಬ್ಬರು ಮೌನವಾಗಿ ನರಳುತ್ತಿರುವ ಸಾಧ್ಯತೆ ಇದೆ.

2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ತಮ್ಮ ಮಾನಸಿಕ ಆರೋಗ್ಯದ ಮಾಹಿತಿ ಗೌಪ್ಯವಾಗಿರಬೇಕು ಎಂಬ ಹಕ್ಕನ್ನು ಚಿಕಿತ್ಸೆ ಪಡೆಯುವವರಿಗೆ ಕೊಟ್ಟಿದೆ. ಅದು ಮುಖ್ಯವಾಗಿ ಚಿಕಿತ್ಸೆ ಕೊಡುವವರ ಹೊಣೆ ನಿಜ. ಆದರೆ ಮಾಲೀಕರೂ ಅದನ್ನೇ ಪಾಲಿಸುವುದು ಮನುಷ್ಯತ್ವ. ನಿಮ್ಮ ಬಳಿ ಹೇಳಿಕೊಂಡದ್ದು ನಿಮ್ಮಲ್ಲೇ ಇರಲಿ. ಇನ್ನೊಬ್ಬರಿಗೆ ಹೇಳಲೇಬೇಕಾದರೆ ಮೊದಲು ಅವರ ಒಪ್ಪಿಗೆ ಕೇಳಿ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ.

ಮಾಲೀಕರ ಮನಸ್ಸಿನ ಗತಿ?

ಅಂಗಡಿ ಬಾಡಿಗೆ, ಬ್ಯಾಂಕಿನ ಕಂತು, ವ್ಯಾಪಾರ ಇಲ್ಲದ ದಿನ ಇವೆಲ್ಲ ಮಾಲೀಕರ ತಲೆಯ ಮೇಲೂ ಇರುತ್ತವೆ. ಲಾಕ್‌ಡೌನ್‌ನಲ್ಲಿ ಶಟರ್ ಎಳೆದು ಕೂತವರಿಗೆ ಇದು ಗೊತ್ತು. ತನ್ನ ಕಷ್ಟವನ್ನು ಒಂದಿಷ್ಟು ಹೇಳಿಕೊಂಡರೆ ಯಜಮಾನಿಕೆ ಕಡಿಮೆಯಾಗುವುದಿಲ್ಲ. “ನನಗೂ ಈ ವಾರ ನಿದ್ದೆ ಸರಿ ಇಲ್ಲ” ಎಂದು ಮಾಲೀಕರೇ ಹೇಳಿದ ಜಾಗದಲ್ಲಿ ಉಳಿದವರಿಗೂ ಮಾತಾಡಲು ಧೈರ್ಯ ಬರುತ್ತದೆ. ಆದರೆ ಸಿಟ್ಟನ್ನು ಕೆಳಗಿನವರ ಮೇಲೆ ಇಳಿಸುವುದು ಬೇಡ. ನೆರವು ಬೇಕಾದರೆ ಮಾಲೀಕರೂ ಅದೇ ಸಹಾಯವಾಣಿಗೆ ಕರೆ ಮಾಡಬಹುದು.

ನೆರವು ಎಲ್ಲಿದೆ?

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತದೆ. ಈ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು, ಕೆಲಸಗಾರರು ಊಟಕ್ಕೆ ಕೂರುವ ಜಾಗದಲ್ಲಿ ಅಂಟಿಸಿ. ಕೇಳಿ ಪಡೆಯಲು ಮುಜುಗರವಾಗುವವರು ಸುಮ್ಮನೆ ನೋಡಿಕೊಳ್ಳುತ್ತಾರೆ.

ಶೇರ್ ಮಾಡುವುದಿದ್ದರೆ ಇದನ್ನು ಮಾಡಿ

• ಕೆಲಸ ಇರಲಿ, ಆದರೆ ಹೊರೆ ಅಳತೆಯಲ್ಲಿರಲಿ. ವಾರದ ರಜೆ ತಪ್ಪಿಸಬೇಡಿ.
• ಸಂಬಳ, ಕೆಲಸದ ಬಗ್ಗೆ ಗೊತ್ತಿರುವುದನ್ನು ನೇರವಾಗಿ ಹೇಳಿ. ಮುಂದೆ ಮಾತಾಡುವ ದಿನಾಂಕ ಕೊಡಿ.
• ಎರಡು ವಾರ ನಡವಳಿಕೆ ಬದಲಾದರೆ ಪಕ್ಕಕ್ಕೆ ಕರೆದು “ಹೇಗಿದ್ದೀಯ?” ಎಂದು ಕೇಳಿ. ‘ಏನಿಲ್ಲ’ ಎಂದರೆ ಮತ್ತೊಮ್ಮೆ ಕೇಳಿ.
• ಬುದ್ಧಿವಾದ ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು.
• ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ.
• ಹೇಳಿಕೊಂಡದ್ದು ನಿಮ್ಮಲ್ಲೇ ಇರಲಿ.
• ಟೆಲಿ ಮಾನಸ್: 14416.

ಮುಂದಿನ ಬಿಕ್ಕಟ್ಟು ಯಾವುದು, ಯಾವಾಗ ಎಂದು ಯಾರೂ ಹೇಳಲಾರರು. ಅದು ಬಂದ ದಿನವೇ ಈ ಮಾತುಕತೆ ಶುರು ಮಾಡಿದರೆ ತಡವಾಗುತ್ತದೆ. ಮಾಲೀಕರನ್ನು ನಂಬಬಹುದು ಎಂಬ ಭರವಸೆ ಮಾಮೂಲಿ ದಿನಗಳಲ್ಲೇ ಬೆಳೆಯಬೇಕು. ನಾಳೆ ಬೆಳಗ್ಗೆ ಶಟರ್ ಎತ್ತಿದ ಮೇಲೆ, ಮೊದಲ ಗಿರಾಕಿ ಬರುವ ಮುಂಚೆ, ನಿಮ್ಮ ಜೊತೆ ದುಡಿಯುವವರಲ್ಲಿ ಒಬ್ಬರನ್ನು ಬಿಡುವು ಮಾಡಿಕೊಂಡು ಮಾತಾಡಿಸಿ ನೋಡಿ.